ಒಳಗೆ ಹೋದದ್ದೆಲ್ಲ ತೌನೊನದು

ತೌನೊ ಸೊರ್ವಾಲಿ ಹನ್ನೆರಡು ವರ್ಷ ನಮ್ಮೂರಿನ ಐಸ್ ಹಾಕಿ ತಂಡದ ಬಲೆ ಕಾಯ್ದ. ಅದರಲ್ಲಿ ಒಂಬತ್ತು ವರ್ಷ ನಾನು ಅವನನ್ನು ಕಾಯ್ದೆ. ನಾನು ಎರಡನೇ ಗೋಲ್‌ಕೀಪರ್. ಅವನಂತೆಯೇ ಮೈತುಂಬ ಕವಚ, ಕಾಲಿಗೆ ದಿಂಬಿನಂಥ ಪಟ್ಟಿ ಕಟ್ಟಿಕೊಂಡು ಬೆಂಚಿನ ತುದಿಯಲ್ಲಿ ಕೂರುವುದು, ಆಟಗಾರರು ಹೋಗುವಾಗ ಬರುವಾಗ ಅಲ್ಲಿನ ಪುಟ್ಟ ಬಾಗಿಲು ತೆಗೆದು ಹಾಕುವುದು, ಇಷ್ಟೇ ಕೆಲಸ. ಒಂಬತ್ತು ವರ್ಷದಲ್ಲಿ ಪೂರ್ತಿಯಾಗಿ ಆಡಿದ ಪಂದ್ಯ ನಾಲ್ಕು. ನಮ್ಮತ್ತೆ ನನ್ನೆದುರೇ ಮಗಳಿಗೆ ಹೇಳುತ್ತಿದ್ದಳು: "ಹೋಟೆಲ್ ಬಾಗಿಲು ಕಾಯೋನನ್ನ ಕಟ್ಕೊಂಡಿದ್ರೆ ಭಕ್ಷೀಸಾದ್ರೂ ಬರ್ತಿತ್ತು ಕಣೇ."

ಈಗ ತೌನೊನ ಬಗ್ಗೆ ಬರೆಯಲು ಕೂತಿದ್ದೇನೆ. ಅವನಿಗೆ ಮಾಡಿದ ಒಂದು ದ್ರೋಹವನ್ನು ನಲವತ್ತು ವರ್ಷಕ್ಕೂ ಮೀರಿ ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದೆ. ಸಾಯುವುದರೊಳಗೆ ಅದನ್ನು ಅವನ ಮುಖಕ್ಕೇ ಹೇಳಬೇಕು, ಅವನು ಉಗಿದರೆ ಉಗಿಸಿಕೊಳ್ಳಬೇಕು ಎಂಬುದೊಂದೇ ನನ್ನ ಆಸೆಯಾಗಿತ್ತು. ಆದರೆ ಮೊದಲಿಂದ ಹೇಳುತ್ತೇನೆ.

ಫಿನ್ಲೆಂಡಿನ ನಮ್ಮ ಊರು ಕೈಸ್ಲಾರಾಂತದಲ್ಲಿ ಕಾಗದದ ಕಾರ್ಖಾನೆಯ ಹಿಂದೆಯೇ ಕೊಲ್ಲಿ. ನವೆಂಬರ್ ಮುಗಿಯುವ ಹೊತ್ತಿಗೆ ಅದು ಹೆಪ್ಪುಗಟ್ಟುತ್ತಿತ್ತು, ನಾವೆಲ್ಲ ಅದರ ಮೇಲೇ ಬೆಳೆದವರು. ಆರು ವರ್ಷದ ತೌನೊಗೆ ಸಿಕ್ಕಿದ್ದು ಅವನ ಅಕ್ಕನ ಬಿಳಿ ಸ್ಕೇಟ್. ಹುಡುಗಿಯರ ಸ್ಕೇಟ್ ಹಾಕಿಕೊಂಡವನನ್ನು ಎಲ್ಲರೆದುರು ಓಡಾಡಲು ಬಿಟ್ಟರೆ ತಮ್ಮ ಮಾನ ಹೋಗುತ್ತದೆಂದು ದೊಡ್ಡ ಹುಡುಗರು ಅವನನ್ನು ಎರಡು ಮೀನಿನ ಪೆಟ್ಟಿಗೆಗಳ ನಡುವೆ ನಿಲ್ಲಿಸಿದರು. "ಇಲ್ಲೇ ನಿಂತಿರು, ಅಲ್ಲಾಡ್ಬೇಡ," ಎಂದರು. ಮೂವತ್ತು ದಾಟುವ ತನಕ ಅವನು ಅಲ್ಲಾಡಲಿಲ್ಲ. ಅವರಪ್ಪ ಕಾರ್ಖಾನೆಯ ಯಂತ್ರದಿಂದ ತೆಗೆದ ಹಳೇ ಉಣ್ಣೆಯ ಪಟ್ಟಿಯನ್ನು ಮನೆಗೆ ತಂದು, ಮಡಚಿ ಹೊಲಿದು, ಮಗನ ಕಾಲಿಗೆ ಕಟ್ಟಿದರು. ಆ ಪಟ್ಟಿ ಒದ್ದೆಯಾದಾಗ ನಾರುತ್ತಿದ್ದ ನಾತ ಈಗಲೂ ನೆನಪಿದೆ. ಈಗಿನ ಹುಡುಗರ ದುಬಾರಿ ಸಾಮಾನಿಗೆ ಆ ಭಾಗ್ಯವಿಲ್ಲ.

ಹತ್ತೊಂಬತ್ತಕ್ಕೇ ಅವನು ದೊಡ್ಡ ತಂಡ ಸೇರಿದ. ಆಗೆಲ್ಲ ಮಧ್ಯಾಹ್ನದವರೆಗೆ ಕಾರ್ಖಾನೆ, ಆಮೇಲೆ ಅಭ್ಯಾಸ. ಬರೀ ಆಟಕ್ಕೇ ಸಂಬಳ ಕೊಡುವ ಕಾಲ ಬಂದದ್ದು ಆಮೇಲೆ. ಆಗಲೂ ಅವನು ಗುರುವಾರದ ಬಟಾಣಿ ಸೂಪಿಗೆ ಕಾರ್ಖಾನೆಯ ಊಟದ ಮನೆಗೇ ಹೋಗುತ್ತಿದ್ದ. ಪಂದ್ಯ ಶುರುವಾಗುವ ಮುಂಚೆ ಕೋಲಿನಿಂದ ಬಲೆಯ ಎಡಗಡೆ ಕಂಬಕ್ಕೆ ಎರಡು ಸಲ ತಟ್ಟುವನು, ಬಲಗಡೆಯದಕ್ಕೆ ಒಂದೇ ಸಲ. ಯಾಕೆಂದು ಒಮ್ಮೆ ಕೇಳಿದೆ.

"ಎಡಗಡೇದಕ್ಕೆ ಕಿವಿ ಸ್ವಲ್ಪ ಮಂದ," ಎಂದ.

ಅವನದು ಇನ್ನೊಂದು ಅಭ್ಯಾಸವಿತ್ತು, ಅದಕ್ಕೆ ಊರೇ ಅವನನ್ನು ಪ್ರೀತಿಸಿತು. ಗೋಲು ಬಿದ್ದಾಗಲೆಲ್ಲ ದಪ್ಪ ಕೈಗವಸಿನ ಎಡಗೈ ಎತ್ತಿ ತನ್ನವರ ಕಡೆ ತಿರುಗಿ "ನನ್ನದು" ಎನ್ನುತ್ತಿದ್ದ. ರಕ್ಷಣೆಯವನು ನಿದ್ದೆ ಮಾಡಿದ್ದರೂ ಅಷ್ಟೇ, ರೆಫರಿ ಕುರುಡನಾಗಿದ್ದರೂ ಅಷ್ಟೇ. ಒಂದು ಸಲ ನಮ್ಮ ರಕ್ಷಣೆಯ ಆಟಗಾರ ಓಲವಿಯ ಸ್ಕೇಟಿಗೇ ತಾಗಿ, ಚೆಂಡಿನ ಬದಲು ಆಡುವ ರಬ್ಬರ್ ಬಿಲ್ಲೆ ನಮ್ಮ ಬಲೆಗೆ ನುಗ್ಗಿತು. ಆರಡಿ ಎತ್ತರದ ಓಲವಿ ಬೆಂಚಿಗೆ ಬಂದು ಮೂಗೊರೆಸಿಕೊಳ್ಳುತ್ತ ಕೂತ. ವಿರಾಮದಲ್ಲಿ ತೌನೊ ಅವನ ಮುಂದೆ ನಿಂತು ಹೇಳಿದ: "ಒಳಗೆ ಹೋದದ್ದೆಲ್ಲ ನನ್ನದು. ನೀನ್ ಹೋಗಿ ನೀರು ಕುಡಿ."

"ಒಂದನ್ನಾದ್ರೂ ಬೇರೆಯವರಿಗೆ ಬಿಡೋ, ಜಿಪುಣ," ಎಂದು ನಾನು ರೇಗಿಸಿದೆ.

"ನಿಂಗೆ ಬೇಕಾದ್ರೆ ನೀನೇ ಒಂದು ಸಂಪಾದಿಸ್ಕೊ," ಎಂದ.

ಎಪ್ಪತ್ತೊಂಬತ್ತನೇ ಇಸವಿಯ ಶರತ್ಕಾಲದಲ್ಲಿ, ಅಭ್ಯಾಸದ ಹೊತ್ತು ಬಿಲ್ಲೆಯೊಂದು ಅವನ ಮುಖವಾಡದ ಎಡ ಅಂಚಿಗೆ ಬಡಿಯಿತು. ಎರಡು ವಾರ ಮನೆಯಲ್ಲಿದ್ದು ಬಂದ. ಪರ ಊರಿನ ಪಂದ್ಯಕ್ಕೆ ಹೋಗುವಾಗ ಬಸ್ಸಿನಲ್ಲಿ ನಾವಿಬ್ಬರೂ ಯಾವಾಗಲೂ ಒಂದೇ ಸೀಟು. ಫ್ಲಾಸ್ಕಿನಿಂದ ನನ್ನ ಲೋಟಕ್ಕೆ ಕಾಫಿ ಹುಯ್ಯಲು ಹೋಗಿ ಸೀದಾ ನನ್ನ ಮೊಣಕಾಲ ಮೇಲೆ ಹುಯ್ದ. ನಾನು ಬೈದೆ, ಅವನು ನಕ್ಕ. ವಾಪಸು ಬರುವಾಗ ಮತ್ತೆ ಹಾಗೇ ಆಯಿತು. ನಾನು ಬನ್ನೊಂದನ್ನು ಅವನ ಮುಖದ ಎಡಪಕ್ಕ ಹಿಡಿದೆ. ಅವನು ಕದಲದೆ ಮುಂದೆಯೇ ನೋಡುತ್ತಿದ್ದ.

"ತೌನೊ, ಎಡಗಣ್ಣು ಕಾಣಲ್ವಾ?"

ಅವನು ಫ್ಲಾಸ್ಕಿನ ಮುಚ್ಚಳ ತಿರುಗಿಸಿ ಮುಚ್ಚಿದ. "ಹಾಲು ಚೆಲ್ಲಿದ ಹಾಗಿದೆ," ಎಂದ. "ನೀಲೊಗೆ ಹೇಳ್ತೀಯಾ, ರೈಮೊ?"

ನೀಲೊ ನಮ್ಮ ಕೋಚ್. ಒಂದು ಮಾತು ಹೇಳಿದ್ದರೆ ಮರುದಿನವೇ ಬಲೆ ನನ್ನದಾಗುತ್ತಿತ್ತು. ಹೇಳಲಿಲ್ಲ. ನನಗೆ ಅವನೆಂದರೆ ಪ್ರೀತಿಯಿತ್ತು, ಇದನ್ನು ನಂಬಬೇಕು. ಅವನಿಗಾಗಿ ಉಪಾಯ ಹುಡುಕಿದವನೂ ನಾನೇ. ತಪ್ಪು ಮಾಡಿದ್ದಕ್ಕೆ ಎರಡು ನಿಮಿಷ ಹೊರಗೆ ಕಳಿಸಿದ ಎದುರಾಳಿ ಮರಳುವ ಹೊತ್ತಾದಾಗ ಬೆಂಚಿನ ಗೋಲ್‌ಕೀಪರ್ ಕೋಲಿನಿಂದ ಬಾಗಿಲು ಬಡಿದು ಎಚ್ಚರಿಸುವುದುಂಟು. ಹಾಗಾಗಿ ನಾನು ಬಡಿದರೆ ಯಾರೂ ತಿರುಗಿ ನೋಡುವುದಿಲ್ಲ. ಅವನ ಎಡಪಕ್ಕಕ್ಕೆ ಎದುರಾಳಿಯೊಬ್ಬ ಜಾರಿ ಬಂದಾಗಲೆಲ್ಲ ಎರಡು ಸಲ ಬಡಿಯುತ್ತಿದ್ದೆ. ಅವನು ಎಡಗಾಲು ಚಾಚಿ ಕಂಬಕ್ಕೆ ಅಂಟಿಸುತ್ತಿದ್ದ. ಇಡೀ ಚಳಿಗಾಲ ಹೀಗೇ ಕಳೆಯಿತು. ಒಂದು ಕಣ್ಣು ಅವನದು, ಇನ್ನೊಂದು ನನ್ನದು. ನನ್ನ ಇಡೀ ಆಟದ ಬದುಕಿನಲ್ಲಿ ಅಷ್ಟು ಖುಷಿಯಾಗಿದ್ದ ಕಾಲ ಇನ್ನೊಂದಿಲ್ಲ, ಪತ್ರಿಕೆಯವರು ಅವನಿಗೆ ಹುಲಿಗಣ್ಣು ಎಂದು ಬರೆದಾಗ ಇಬ್ಬರೂ ಸೌನಾದ ಬಿಸಿ ಹಬೆಯ ಕೋಣೆಯಲ್ಲಿ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆವು.

ಮಾರ್ಚ್‌ನಲ್ಲಿ ಕೊನೆಯ ಪಂದ್ಯ ಬಂತು. ಸಮ ಮಾಡಿಕೊಂಡರೆ ಮೇಲಿನ ದರ್ಜೆಯಲ್ಲಿ ಉಳಿಯುತ್ತೇವೆ, ಸೋತರೆ ಕೆಳಗೆ. ಅವತ್ತು ಬೆಳಿಗ್ಗೆ ಬಟ್ಟೆ ಬದಲಿಸುವ ಕೋಣೆಯಲ್ಲಿ ನೀಲೊ ನನ್ನ ಹೆಗಲು ತಟ್ಟಿದ. "ನಾವು ಉಳಿದ್ರೆ ತೌನೊ ಜೊತೆ ಇನ್ನೂ ಮೂರು ವರ್ಷದ ಕರಾರಿಗೆ ಸಹಿ. ನಿನ್ನನ್ನೂ ಇಟ್ಕೋತೀವಿ ಬಿಡು, ನಿನ್ನಷ್ಟು ಚೆನ್ನಾಗಿ ಬಾಗಿಲು ತೆಗೆಯೋರು ಫಿನ್ಲೆಂಡಲ್ಲೇ ಇಲ್ಲ."

ಅವನು ಒಳ್ಳೆಯ ಮಾತೆಂದೇ ಹೇಳಿದ್ದ. ಅದು ನನ್ನ ಎದೆಗೆ ಚುಚ್ಚಿತು. ಒಂಬತ್ತರ ಮೇಲೆ ಮೂರು, ಹನ್ನೆರಡು. ಅಷ್ಟು ಹೊತ್ತಿಗೆ ನನಗೂ ವಯಸ್ಸಾಗಿರುತ್ತದೆ.

ಮೂರು ಮೂರು ಸಮ. ಉಳಿದದ್ದು ನಾಲ್ಕು ನಿಮಿಷ. ಬಿಲ್ಲೆ ಬಲಮೂಲೆಯಲ್ಲಿತ್ತು, ತೌನೊ ಅತ್ತ ಬಾಗಿದ್ದ. ಅವರ ಹದಿನೇಳನೇ ನಂಬರಿನವನು ಸದ್ದಿಲ್ಲದೆ ಎಡಪಕ್ಕಕ್ಕೆ ಜಾರಿ ಬಂದ. ನಾನು ನೋಡಿದೆ. ಕೋಲು ಎತ್ತಿದೆ. ಎತ್ತಿದ ಕೈ ಹಾಗೇ ನಿಂತಿತು. ಆಗ ನನ್ನ ತಲೆಯಲ್ಲಿದ್ದದ್ದು ಒಂದೇ ಮಾತು: ಇಷ್ಟು ಸಾಕು, ಮುಂದಿನ ವರ್ಷ ನಾನು. ಬಿಲ್ಲೆ ಎಡಕ್ಕೆ ಬಂತು, ಹದಿನೇಳರವನು ಅದನ್ನು ತೆರೆದ ಬಾಗಿಲಿಗೆ ತಳ್ಳುವಂತೆ ಒಳಗೆ ತಳ್ಳಿದ.

ತೌನೊ ಎದ್ದು ಎಡಗೈ ಎತ್ತಿದ. "ನನ್ನದು," ಎಂದ. ಆಮೇಲೆ ಒಂದು ಗಳಿಗೆ ಬೆಂಚಿನ ಕಡೆ ನೋಡಿದ. ನಾನು ಬಗ್ಗಿ ಸ್ಕೇಟಿನ ದಾರ ಕಟ್ಟಿಕೊಂಡೆ.

ಪಂದ್ಯ ಮುಗಿದ ಮೇಲೆ ತನ್ನ ಕಣ್ಣಿನ ವಿಷಯವನ್ನು ಎಲ್ಲರೆದುರು ಅವನೇ ಹೇಳಿದ. ನನಗೆ ಅದು ಗೊತ್ತಿತ್ತೆಂಬುದನ್ನು ಮಾತ್ರ ಹೇಳಲಿಲ್ಲ. ತನ್ನ ಕೋಲನ್ನು ನನ್ನ ಕೈಗೆ ಕೊಟ್ಟು, "ಎಡಗಡೆ ಕಂಬಕ್ಕೆ ಎರಡು ಸಲ ತಟ್ಟೋದು ಮರೀಬೇಡ," ಎಂದು ಮನೆಗೆ ಹೋದ. ಕೆಳ ದರ್ಜೆಯಲ್ಲಿ ನಾನು ಎರಡು ವರ್ಷ ಬಲೆ ಕಾಯ್ದೆ. ಎಷ್ಟು ಚೆನ್ನಾಗಿ ಕಾಯ್ದೆನೆಂದರೆ ಮೂರನೇ ವರ್ಷ ಸ್ವೀಡನ್ನಿನಿಂದ ಒಬ್ಬನನ್ನು ಕರೆತಂದು ನನ್ನನ್ನು ಮತ್ತೆ ಬಾಗಿಲಿಗೆ ಕೂರಿಸಿದರು. ಅತ್ತೆ ಮಾತ್ರ ಆ ಎರಡು ವರ್ಷ ಬಾಯಿ ಮುಚ್ಚಿಕೊಂಡಿದ್ದಳು.

ತೌನೊ ನಿವೃತ್ತಿಯವರೆಗೂ ಕಾರ್ಖಾನೆಯಲ್ಲಿ ಕಾಗದದ ಸುರುಳಿ ಕತ್ತರಿಸಿದ. ಭಾನುವಾರಗಳಂದು ಅವನ ಹೆಂಡತಿ ಐರಾ ಏಲಕ್ಕಿ ಬನ್ನು ಮಾಡುತ್ತಿದ್ದಳು, ನಾನು ತಪ್ಪದೆ ಹೋಗುತ್ತಿದ್ದೆ. ಪ್ರತಿ ಭಾನುವಾರ ಮಾತು ನಾಲಿಗೆಯ ತುದಿಗೆ ಬರುತ್ತಿತ್ತು, ಅದರ ಮೇಲೊಂದು ಬನ್ನು ತುರುಕಿಕೊಂಡು ನುಂಗುತ್ತಿದ್ದೆ. ಐರಾ ತೀರಿಕೊಂಡ ಮೇಲೆ ಬನ್ನು ಅಂಗಡಿಯಿಂದ ಬಂತು, ಮಾತು ಬರಲಿಲ್ಲ. ವಯಸ್ಸಾಗುತ್ತ ಅವನ ಬಲಗಣ್ಣೂ ಕೈಕೊಟ್ಟಿತು. ಈಗ ಪಂದ್ಯಗಳಿಗೆ ಅವನನ್ನು ಕರೆದುಕೊಂಡು ಹೋಗಿ ಪಕ್ಕದಲ್ಲಿ ಕೂತು ಆಟ ಹೇಳುವವನು ನಾನೇ.

ಹೋದ ಜನವರಿಯ ಒಂದು ಶನಿವಾರ ಮಧ್ಯಾಹ್ನ, ಸಾಸಿವೆ ಹಚ್ಚಿದ ಸಾಸೇಜು ತಿನ್ನುತ್ತ ಕೂತಿದ್ದೆವು. ನಮ್ಮವರ ಬಲೆಗೆ ಗೋಲು ಬಿತ್ತು.

"ಬಲೆ ಕಾಯೋ ಹುಡುಗ ಏನ್ ಮಾಡ್ತಿದ್ದಾನೆ?" ಎಂದು ತೌನೊ ಕೇಳಿದ.

"ಎರಡೂ ಕೈ ಚೆಲ್ಲಿ ರಕ್ಷಣೆಯವನನ್ನ ತೋರಿಸ್ತಿದ್ದಾನೆ."

"ಥೂ," ಎಂದು ಅವನು ಮುಖ ಸಿಂಡರಿಸಿದ.

ಇವತ್ತಲ್ಲದಿದ್ದರೆ ಇನ್ನಿಲ್ಲ ಎನಿಸಿತು. "ತೌನೊ, ಎಂಬತ್ತರ ಆ ಕೊನೇ ಗೋಲು," ಎಂದೆ. "ಹದಿನೇಳರೋನು ಬರೋದನ್ನ ನಾನು ನೋಡಿದ್ದೆ. ಬಡೀಲಿಲ್ಲ. ಬೇಕಂತಲೇ ಬಡೀಲಿಲ್ಲ. ನಿನ್ನ ಬಲೆ ನಂಗೆ ಬೇಕಾಗಿತ್ತು."

ಅವನು ಸಾಸೇಜಿನ ಕಾಗದವನ್ನು ನಿಧಾನವಾಗಿ ಮಡಚಿದ. "ಗೊತ್ತು."

"ಯಾವಾಗಿಂದ?"

"ಅವತ್ತಿಂದ. ಇಡೀ ಚಳಿಗಾಲ ಒಂದು ಸಲವೂ ತಪ್ಪದೋನು ನೀನು, ಅವತ್ತೊಂದೇ ತಪ್ತೀಯಾ?"

"ಮತ್ತೆ ಇಷ್ಟು ವರ್ಷ ಯಾಕೆ ಬಾಯಿ ಬಿಡಲಿಲ್ಲ? ಅದು ನನ್ನದು ಕಣೋ, ತೌನೊ. ಆ ಗೋಲು ನನ್ನದು."

ಅವನು ನನ್ನ ಕಡೆ ತಿರುಗಿದ. ಕಾಣದ ಕಣ್ಣಿನಲ್ಲೂ ಹಳೇ ಕೀಟಲೆ ಇತ್ತು.

"ಗೋಲು ಬಿಡೋಕೂ ಬಲೆ ಮುಂದೆ ನಿಂತಿರ್ಬೇಕು ಕಣೋ, ರೈಮೊ. ನೀನು ಬೆಂಚಲ್ಲಿದ್ದೆ."

ನಾನು ಅತ್ತೆ. ಎಪ್ಪತ್ತು ದಾಟಿದ ಗಂಡಸು, ಊರವರೆಲ್ಲ ನೋಡುವ ಹಾಗೆ, ಕೈಯಲ್ಲಿ ಅರ್ಧ ಸಾಸೇಜು ಹಿಡಿದು ಅತ್ತೆ. ಅವನು ಸುಮ್ಮನೆ ಎಡಗೈಯನ್ನು ಸ್ವಲ್ಪವೇ ಮೇಲೆತ್ತಿದ, ಆಮೇಲೆ ಅದನ್ನು ನನ್ನ ಮೊಣಕಾಲ ಮೇಲಿಟ್ಟ.

"ಈಗ ಆಟ ಹೇಳು," ಎಂದ. "ಬಿಲ್ಲೆ ಎಲ್ಲಿದೆ?"