ಸಣ್ಣ ಬಾಯಿಯ ಒಲೆ

ಬೆಳಕು ಹರಿಯುವುದಕ್ಕೆ ಮುಂಚೆ ಸುನಂದಮ್ಮ ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿನ ಒಲೆಗೆ ಸೌದೆ ಹಾಕಬೇಕು, ಕೊಟ್ಟಿಗೆ ಬಾಚಬೇಕು, ಓಡಿ ಬಂದು ಮತ್ತೆ ಸೌದೆ ಹಾಕಬೇಕು, ಹಾಲು ಕರೆದು ಡೇರಿಗೆ ಕೊಟ್ಟು ಬರಬೇಕು, ಅಂಗಳಕ್ಕೆ ನೀರು ಚೆಲ್ಲಬೇಕು, ಹೊಗೆಸೊಪ್ಪು ಮುರಿಯಲು ಬರುವ ಆಳುಗಳಿಗೆ ಉಪ್ಪಿಟ್ಟು ಕೆದಕಬೇಕು, ಮತ್ತೆ ಸೌದೆ. ಇಷ್ಟಕ್ಕೂ ಮೊದಲು ಆ ಸೌದೆಯನ್ನು ಸೀಳಿಟ್ಟಿರಬೇಕು.

ಹಳೆಯ ಒಲೆ ಹೀಗೆ ಕಾಡುತ್ತಿರಲಿಲ್ಲ. ಸೊಪ್ಪು ಬೇಯಿಸುವ ಆ ಎತ್ತರದ ಕೋಣೆಯ ಬುಡದಲ್ಲಿ ಬಾಯಿ ತೆರೆದುಕೊಂಡು ಕೂತಿರುತ್ತಿತ್ತು. ಒಂದು ಇಡೀ ಕೊರಡು ನುಂಗಿ ಹೆಬ್ಬಾವಿನಂತೆ ಬಿದ್ದುಕೊಂಡರೆ, ಇವಳೂ ಪಕ್ಕದಲ್ಲಿ ಗೋಣಿ ಹಾಸಿ ಕಣ್ಣು ಮುಚ್ಚಬಹುದಿತ್ತು. ಹೋದ ವರ್ಷ ಗಂಡ ನಟರಾಜು ಅದನ್ನು ಒಡೆಸಿ, ಹೊಗೆಸೊಪ್ಪಿನ ಕಂಪನಿಯ ಎಂಜಿನಿಯರ್ ಹುಡುಗಿ ಭಾವನಾ ತಂದ ನಕ್ಷೆಯಂತೆ ಹೊಸದು ಕಟ್ಟಿಸಿದ. ಒಳಗೆ ಕಬ್ಬಿಣದ ಸರಳುಗಳ ಜಾಲರಿ. ಮುಂದೆ ಚಿಕ್ಕ ಬಾಯಿ. ಮುಂಗೈ ಗಾತ್ರದ ಸೀಳು ಮಾತ್ರ ಅದಕ್ಕೆ ರುಚಿ. ಅದೂ ಸ್ವಲ್ಪ ಸ್ವಲ್ಪವೇ, ಕೂಸಿಗೆ ತಿನ್ನಿಸಿದ ಹಾಗೆ.

ಜಗಲಿಯ ಮೇಲೆ ಕಾಫಿ ಕುಡಿಯುತ್ತ ಭಾವನಾ ಬಿಡಿಸಿ ಹೇಳಿದ್ದಳು: "ಸೌದೆ ಸಣ್ಣಗಿದ್ರೆ ಸುತ್ತ ಗಾಳಿ ತಾಗುತ್ತೆ ಅಕ್ಕ, ಪೂರ್ತಿ ಉರಿಯುತ್ತೆ. ಬಾಯಿ ದೊಡ್ಡದಿದ್ರೆ ತಣ್ಣನೆ ಗಾಳಿ ಬೇಕಿಲ್ಲದಷ್ಟು ನುಗ್ಗಿ, ಇರೋ ಶಾಖಾನೂ ಚಿಮಣಿಗೆ ಎಳ್ಕೊಂಡು ಹೋಗುತ್ತೆ."

ಸುನಂದಮ್ಮನಿಗೆ ಅರ್ಥವಾಗಿತ್ತು. ಮಾತು ನಿಜವೂ ಆಗಿತ್ತು. ಕಣ್ಣಿಗೆ ಹೊಗೆ ಕಮ್ಮಿಯಾಯಿತು, ಸೌದೆ ರಾಶಿ ಮೊದಲಿನಂತೆ ಕರಗಲಿಲ್ಲ, ಸೊಪ್ಪು ಚಿನ್ನದ ಬಣ್ಣಕ್ಕೆ ತಿರುಗಿತು. ಸುಳ್ಳಾಗಿದ್ದರೆ ಜಗಳವಾದರೂ ಆಡಬಹುದಿತ್ತು.

ಈ ವರ್ಷ ಗೌರಿಹಬ್ಬದ ಬೆಳಿಗ್ಗೆ ಅವಳ ಬಲಗೈ ತಲೆಯವರೆಗೆ ಏಳಲಿಲ್ಲ. ಹೆರಳನ್ನು ಪಕ್ಕದ ಮನೆಯವಳು ಹಾಕಿಕೊಟ್ಟಳು. ಹುಣಸೂರಿನ ಡಾಕ್ಟರು ಭುಜ ಒತ್ತಿ ನೋಡಿ, ಇನ್ನು ಕೊಡಲಿ ಹಿಡಿದರೆ ಈ ಕೈ ಶಾಶ್ವತವಾಗಿ ಹೋಗುತ್ತದೆ ಎಂದರು.

ಮೊನ್ನೆ ಭಾವನಾ ಎಷ್ಟು ಸೌದೆ ಉಳಿಯಿತೆಂದು ತೂಗಿ ನೋಡಲು ಬಂದಾಗ ಸುನಂದಮ್ಮ ಲೋಟ ಕೊಟ್ಟು ಒಳಗೆ ಹೋಗದೆ ಅಲ್ಲೇ ನಿಂತಳು.

"ಆ ಬಾಯ್ನ ಒಸಿ ದೊಡ್ಡದು ಮಾಡ್ಬೋದೇನವ್ವಾ? ಸೀಳಿ ಸೀಳಿ ಕೈಯೇ ಬಿದ್ದೋಯ್ತು."

"ಮಾಡಿದ್ರೆ ಲೆಕ್ಕವೇ ಕೆಟ್ಟುಹೋಗುತ್ತೆ ಅಕ್ಕ. ಸೌದೆ, ಶಾಖ, ಗಾಳಿ ಎಲ್ಲಾ ಅಳೆದು ಮಾಡಿರೋದು."

"ಸೀಳೋದ್ನೂ ಅಳ್ದಿದ್ರಾ?"

ಭಾವನಾ ಲೋಟದೊಳಗೆ ನೋಡಿದಳು. "ಇಲ್ಲ. ಮೇಲಿನವರಿಗೆ ಬರೀತೀನಿ. ನಕ್ಷೆ ಬದಲಾಯಿಸೋದು ನನ್ನ ಕೈಲಿಲ್ಲ ಅಕ್ಕ."

ಪಕ್ಕದಲ್ಲಿ ಕೂತಿದ್ದ ನಟರಾಜು ನಕ್ಕ. "ಅವಳ ಮಾತು ಕಟ್ಕೊಬ್ಯಾಡಿ ಮೇಡಂ. ಲೇ, ಈ ಸಲದ್ದು ಮುಗೀಲಿ ಬುಡು, ಆಮೇಲೆ ಮಲಕ್ಕೊಳ್ಳುವಂತೆ."

"ಸೀಳಾಕೆ ಆಳು ಕರೀರಿ."

"ಆಳಿಗೆ ಕೊಟ್ರೆ, ಸೌದೇಲಿ ಉಳಿಸಿದ್ದು ಎಲ್ಲುಳೀತದೆ?"

"ಅಂಗಾದ್ರೆ ನೀವೇ ಸೀಳಿ."

"ನಾನು ಸೀಳ್ತಾ ಕೂತ್ರೆ, ಊರೂರಿಂದ ಈ ಹೊಸ ಒಲೆ ನೋಡಾಕೆ ಬರೋರಿಗೆ ವಿಷ್ಯ ಯಾರು ಯೋಳ್ತಾರೆ?"

ಭಾವನಾಳಿಗೂ ನಗು ಬಂತು, ತಕ್ಷಣ ನುಂಗಿಕೊಂಡಳು.

ನಿನ್ನೆ ಸಂಜೆ ಹೊಸ ಸೊಪ್ಪು ಕಡ್ಡಿಗೆ ಕಟ್ಟಿ, ಬ್ಯಾರನ್ನಿನೊಳಗೆ ತೂಗುಬಿಟ್ಟಾಗಿದೆ. ಈಗ ಕೋಳಿ ಕೂಗಿದೆ. ನಟರಾಜು ಇನ್ನೂ ಮಲಗಿದ್ದಾನೆ. ಬೆಂಕಿ ಹೊತ್ತಿಸಬೇಕು, ತಡವಾದರೆ ಸೊಪ್ಪು ಕಪ್ಪಾಗುತ್ತದೆ. ಸೀಳಿದ ಸೌದೆ ಒಂದೂ ಉಳಿದಿಲ್ಲ.

ಅವಳು ಕೊಡಲಿ ಎತ್ತಿದಳು. ಕೈ ಎದೆಯವರೆಗೆ ಬಂದು ನಿಂತಿತು. ಎಡಗೈಯಲ್ಲಿ ಬೀಸಿದಳು. ಏಟು ಜಾರಿ ಕೊಡಲಿ ಕಾಲಿನ ಪಕ್ಕ ಮಣ್ಣಿಗೆ ನಾಟಿತು. ಕೊರಡಿನ ಮೇಲೆ ಕುಸಿದು ಕೂತಳು.

ಒಲೆಯ ಬಾಯಿ ಅಗಲವಾದರೆ ಇಡೀ ಕೊರಡು ಹಿಡಿಸುತ್ತದೆ, ಆದರೆ ಸೌದೆ ಹೆಚ್ಚು ಬೇಕು, ಹೊಗೆ ಬರುತ್ತದೆ. ಆ ಹುಡುಗಿಯ ಲೆಕ್ಕ ಮಣ್ಣುಪಾಲು. ಗಂಡ ಊರು ಕೇಳುವಂತೆ ಬೈಯುತ್ತಾನೆ, ಮತ್ತೆ ಸಣ್ಣ ಬಾಯಿಯನ್ನೇ ಕಟ್ಟಿಸಿದರೂ ಕಟ್ಟಿಸಿಯಾನು. ಎಲ್ಲ ಗೊತ್ತಿತ್ತು. ಕೇಳೋಣವೆಂದರೆ ಕೇಳಬೇಕಾದವರನ್ನೆಲ್ಲ ಕೇಳಿಯಾಗಿತ್ತು.

ಎದ್ದು ಕೊಟ್ಟಿಗೆಯ ಮೂಲೆಯಿಂದ ಹಾರೆ ತಂದಳು. ಹಾರೆಗೆ ಕೈ ಮೇಲೆತ್ತಬೇಕಿಲ್ಲ, ಮೈಭಾರ ಬಿಟ್ಟರೆ ಸಾಕು. ಒಲೆಯ ಬಾಯಿಯ ಅಂಚಿಗೆ ತುದಿ ಸಿಕ್ಕಿಸಿ ಒರಗಿದಳು. ಮೊದಲ ಇಟ್ಟಿಗೆ ಸಡಿಲವಾಯಿತು.