ಹರಿಹರದಲ್ಲಿ ತಿರುಗದ ಸೈಕಲ್ಲು

ನಮ್ಮೂರ ಸೈಕಲ್ ಸಂಘದವರು ಆ ಚಳಿಗಾಲ ಒಂದು ದೂರದ ಸವಾರಿ ಇಟ್ಟಿದ್ದರು. ದಾವಣಗೆರೆಯಿಂದ ಹಾವೇರಿಗೆ ಹೋಗಿ, ಹೊತ್ತು ಮುಳುಗುವುದರೊಳಗೆ ವಾಪಸ್ ಬರಬೇಕು. ಮೊದಲು ಬಂದವರು ಯಾರು ಅನ್ನುವ ಲೆಕ್ಕವಿಲ್ಲ, ಮುಗಿಸಿದವರಿಗೆಲ್ಲ ಮೆಡಲ್. ಹೆಸರು ಕೊಡಲು ಹೋದಾಗ ಕಾರ್ಯದರ್ಶಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಹೆಂಗಸರಿಗೆ ಹರಿಹರದ ತನಕ ಐತ್ರಿ ಮೇಡಂ. ಹೊಳೆ ಸೇತುವೆ ಹತ್ರ ತಿರುಗಿ ಬಂದ್ರೆ ಆತು."

"ಹರಿಹರದಾಗೆ ನಮ್ಮಕ್ಕನ ಮನೆ ಐತ್ರಿ. ಭಾನುವಾರ ಬಂದ್ರೆ ಸೈಕಲ್ಲಲ್ಲೇ ಹೋಗ್ತೀನಿ."

"ಹಂಗಾದ್ರೆ ನಿಮಗೆ ಸುಲಭ ಆತಲ್ಲ!"

ಆ ನಗು ನನಗೆ ಹಿಡಿಸಲಿಲ್ಲ. ಹೆಸರು ಕೊಟ್ಟು ಬಂದೆ.

ಆಗ ನನಗೆ ಮೂವತ್ತು ದಾಟಿತ್ತು. ಎರಡು ಮಕ್ಕಳು, ಟೆಲಿಫೋನ್ ಕಚೇರಿಯಲ್ಲಿ ಆಪರೇಟರ್ ಕೆಲಸ. ನನ್ನದು ಪುಣೆಯಲ್ಲಿದ್ದ ಅಣ್ಣ ಊರೂರು ಸುತ್ತಿದ ಟೂರಿಂಗ್ ಸೈಕಲ್ಲು. ಸ್ಕೂಟರ್ ಕೊಂಡ ಮೇಲೆ ಅದನ್ನು ನನಗೆ ಕಳಿಸಿದ್ದ. ಗೇರು, ಬಾಗಿದ ಹ್ಯಾಂಡಲ್ಲು, ಹಿಂದೆ ಎರಡು ಚೀಲ ತೂಗುಹಾಕುವ ಕ್ಯಾರಿಯರ್. ನಮ್ಮತ್ತೆ ಅದನ್ನು ಗಾಡಿ ಅನ್ನುತ್ತಿದ್ದರು. ಎತ್ತು ಎಲ್ಲಿ ಅಂತಲೂ ಕೇಳುತ್ತಿದ್ದರು.

ನಸುಕಿನಲ್ಲಿ ಹೊರಟೆವು. ಹರಿಹರ ಮುಟ್ಟುವಾಗ ಹೊಳೆಯ ಮೇಲೆ ಇನ್ನೂ ಮಂಜಿತ್ತು. ಸೇತುವೆಯ ಈಚೆ ಕೆಂಪು ಬಾವುಟ ಹಿಡಿದವನೊಬ್ಬ "ಇಲ್ಲೇ ತಿರುಗ್ರಿ, ಇಲ್ಲೇ!" ಎಂದು ಕೂಗುತ್ತಿದ್ದ. ನನ್ನ ಮುಂದಿದ್ದ ಕಾಲೇಜು ಹುಡುಗಿಯರು ತಿರುಗಿದರು. ನಾನು ಬ್ರೇಕ್ ಹಿಡಿಯಲಿಲ್ಲ.

ಸೇತುವೆ ದಾಟಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ಕಾರ್ಯದರ್ಶಿಯ ಜೀಪು ಪಕ್ಕಕ್ಕೆ ಬಂತು.

"ನಿಲ್ಸ್ರಿ ಮೇಡಂ! ಏನಾದ್ರೂ ಆದ್ರೆ ಯಾರು ಜವಾಬ್ದಾರಿ?"

"ನಾನೇ."

"ಮನೆಯವರಿಗೆ ಗೊತ್ತೈತಾ?"

"ನೀವು ಮುಂದೆ ಹೋಗ್ರಿ, ಹೊಗೆ ಮುಖಕ್ಕೆ ಬರ್ತಾ ಐತೆ."

ಜೀಪು ಹೋಯಿತು. ಮನೆಯವರಿಗೆ ನಿಜಕ್ಕೂ ಗೊತ್ತಿರಲಿಲ್ಲ. ಹಾವೇರಿ ಮುಟ್ಟಿ, ಎಸ್‌ಟಿಡಿ ಬೂತಿನಿಂದ ಫೋನ್ ಮಾಡಿದೆ.

"ಎಲ್ಲಿದ್ದೀಯ?" ಎಂದರು ನಮ್ಮ ಯಜಮಾನರು.

"ಹಾವೇರ್ಯಾಗೆ."

"ಸೈಕಲ್ಲು ಬಸ್ಸಿನ ಮೇಲೆ ಹಾಕ್ಕೊಂಡು ಬಾ."

"ಬರಲ್ಲ. ತುಳ್ಕೊಂಡೇ ಬರ್ತೀನಿ."

"ಮತ್ತೆ ಮಕ್ಕಳ ಊಟ?"

"ನೀವಿದ್ದೀರಲ್ರಿ," ಎಂದು ಇಟ್ಟೆ.

ಬರುವಾಗ ಮೂಡಗಾಳಿ ಎದೆಗೇ ಹೊಡೆಯುತ್ತಿತ್ತು. ಮೋಟೆಬೆನ್ನೂರು ದಾಟಿದ ಮೇಲೆ ಹಿಂದಿನ ಚಕ್ರದ ಕಡ್ಡಿಯೊಂದು ಠಣ್ ಎಂದು ಮುರಿಯಿತು. ಚಕ್ರ ಸೊಟ್ಟಗಾಗಿ ಸುತ್ತು ಸುತ್ತಿಗೂ ಬ್ರೇಕಿಗೆ ಉಜ್ಜತೊಡಗಿತು. ಇಳಿದು ಹಿಂದಿನ ಬ್ರೇಕನ್ನೇ ಸಡಿಲ ಮಾಡಿದೆ. ಮುಂದಿನದೊಂದನ್ನೇ ನೆಚ್ಚಿಕೊಂಡು ಹೊರಟೆ. ರಾಣೆಬೆನ್ನೂರು ಬರುವ ಹೊತ್ತಿಗೆ ಅಂಗೈ ಜೋಮು ಹಿಡಿದಿತ್ತು, ಮಂಡಿ ಉರಿಯುತ್ತಿತ್ತು. ಹತ್ತಿಯ ಅಂಡಿಗೆ ತುಂಬಿದ ಲಾರಿಯೊಂದು ನಿಧಾನ ಮಾಡಿತು. ಮೇಲೆ ನಮ್ಮ ಸವಾರಿಯವರೇ ಮೂವರು, ತೆಳು ಟೈರಿನ ರೇಸ್ ಸೈಕಲ್ಲುಗಳ ಜೊತೆ ಕೂತಿದ್ದರು.

"ಬರ್ರಿ ಅಕ್ಕಾ, ಜಾಗ ಐತೆ! ಈ ಗಾಳ್ಯಾಗೆ ಆಗಲ್ಲ!"

ಒಂದು ಕಾಲು ನೆಲಕ್ಕೆ ಊರಿದೆ. ಹತ್ತಬೇಕು ಅನ್ನಿಸಿತ್ತು, ಸುಳ್ಳು ಯಾಕೆ ಹೇಳಲಿ. ಆದರೆ ಆ ಲಾರಿಯಿಂದ ಇಳಿಯುವ ಕಡೆ ಕಾರ್ಯದರ್ಶಿ ನಿಂತಿರುತ್ತಾರೆ ಅನ್ನುವುದು ನೆನಪಾಯಿತು. "ನೀವು ನಡೀರಿ" ಎಂದೆ. ಆಮೇಲೆ ಗೇರು ಇಳಿಸಿ, ತಲೆ ತಗ್ಗಿಸಿ, ಮುಂದಿನ ಮೈಲುಗಲ್ಲಿನ ತನಕ ಮಾತ್ರ ತುಳಿಯುತ್ತೇನೆ ಅಂದುಕೊಂಡೆ. ಅದು ಬಂದರೆ ಮತ್ತೊಂದು. ಆ ಗಾಳಿಗೆ ಅಳು ಬಂದರೂ ಬೈಗುಳವಾಗಿಯೇ ಬರುತ್ತಿತ್ತು.

ದಾವಣಗೆರೆ ಮುಟ್ಟಿದಾಗ ಬಿಸಿಲು ಮನೆಗಳ ಮಾಳಿಗೆ ಮೇಲಷ್ಟೇ ಉಳಿದಿತ್ತು. ಶಾಮಿಯಾನದ ಕುರ್ಚಿ ಮಡಚುತ್ತಿದ್ದರು. ಗೆರೆ ದಾಟಿ ಇಳಿದೆ.

ಕಾರ್ಯದರ್ಶಿ ಹತ್ತಿರ ಬಂದರು. "ಮೆಡಲ್ ಕೊಡೋಕೆ ಬರಲ್ರಿ. ನಿಮ್ಮದು ಹೆಂಗಸರ ವಿಭಾಗ. ಅದರಾಗೆ ನೀವು ವಾಪಸ್ ಬರಲಿಲ್ಲ ಅಂತ ಆಗೇತಿ."

"ಮೆಡಲ್ ಬ್ಯಾಡ್ರಿ. ಮೈಕಿನಾಗೆ ಹೇಳ್ರಿ."

"ಏನಂತ?"

"ಹಾವೇರಿಗೆ ಹೋಗಿ, ಹೊತ್ತು ಮುಳುಗೋದ್ರೊಳಗೆ ಬಂದ್ಲು ಅಂತ."

ಸೈಕಲ್ಲನ್ನು ಅವರಿಗೆ ಅಡ್ಡ ಹಿಡಿದು ನಿಂತೆ. ಲಾರಿಯಲ್ಲಿ ಬಂದಿದ್ದ ಹುಡುಗರಲ್ಲೊಬ್ಬ "ಹೇಳ್ರಿ ಸಾರ್, ನಾವು ನೋಡೀವಲ್ಲ" ಎಂದ. ಕಾರ್ಯದರ್ಶಿ ಮೈಕ್ ತಗೊಂಡು, ಗಂಟಲು ಸರಿಮಾಡಿಕೊಂಡು, ನನ್ನ ಹೆಸರನ್ನು ಒಂದೇ ಉಸಿರಿನಲ್ಲಿ ನುಂಗಿ ಹೇಳಿದರು.

"ಕೇಳಿಸಲಿಲ್ರಿ," ಎಂದೆ.

ಎರಡನೇ ಸಲ ಬಿಡಿಸಿ ಹೇಳಿದರು. ಕೇಳಿದವರು ಕುರ್ಚಿ ಮಡಚುವವರು, ಆ ಮೂವರು ಹುಡುಗರು, ಮಂಡಕ್ಕಿ ಮಾರುವವನು, ಇಷ್ಟೇ ಜನ. ನನಗೆ ಅಷ್ಟು ಸಾಕಿತ್ತು. ಲಗೇಜ್ ಆಟೋ ಕರೀಲಾ ಎಂದು ಯಾರೋ ಕೇಳಿದರು. ಬ್ಯಾಡ ಎಂದು ಮತ್ತೆ ಸೈಕಲ್ ಹತ್ತಿದೆ.