ಕಂಕುಳಿನ ಗಂಟು ಕರಗಿದ ಬಗೆ

ಸ್ನಾನ ಮಾಡುವಾಗ ಎಡ ಎದೆಯಲ್ಲಿ ಹುಣಸೆಬೀಜದಷ್ಟು ಗಂಟು ಕೈಗೆ ಸಿಕ್ಕಿತು. ಬಿಡದಿಯ ಸುತ್ತ ಕಾರ್ಖಾನೆಗಳು ಒಂದರ ಹಿಂದೊಂದು ಏಳುತ್ತಿದ್ದ ವರ್ಷಗಳವು. ಕೂಟಗಲ್‌ನಿಂದ ವ್ಯಾನ್ ಹತ್ತಿ ನಾನು ಗಾರ್ಮೆಂಟ್ಸ್‌ಗೆ ಹೊಲಿಗೆ ಕೆಲಸಕ್ಕೆ ಹೋಗುತ್ತಿದ್ದೆ. ನೋವಿರಲಿಲ್ಲ, ಸುಮ್ಮನಿದ್ದೆ. ಶ್ರಾವಣ ಮುಗಿಯುವಷ್ಟರಲ್ಲಿ ಅದು ನಿಂಬೆಹಣ್ಣಿನಷ್ಟಾಗಿ, ಕಂಕುಳಲ್ಲೂ ಇನ್ನೊಂದು ಗಂಟು ಎದ್ದಿತ್ತು.

ರಾಮನಗರದ ಡಾಕ್ಟರು ಮುಟ್ಟಿ ನೋಡಿದವರೇ ಬೆಂಗಳೂರಿಗೆ ಹೋಗಿ ಎಂದರು. ಯಜಮಾನರಿಗೆ ರಜೆ ಸಿಗಲಿಲ್ಲ. ಜೊತೆಗೆ ಹೊರಟವರು ನನ್ನ ಅತ್ತೆ ನಿಂಗಮ್ಮ. ನನಗಾಗಿ ಅವರು ಆ ಸಲ ರೇಷ್ಮೆಹುಳುವನ್ನೇ ಸಾಕಲಿಲ್ಲ.

ದೊಡ್ಡಾಸ್ಪತ್ರೆಯಲ್ಲಿ ಸೂಜಿ ಹಾಕಿ ಗಡ್ಡೆಯ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ವರದಿ ಬಂದ ದಿನ ಡಾಕ್ಟರಮ್ಮ ನಮ್ಮಿಬ್ಬರನ್ನೂ ಕೂರಿಸಿಕೊಂಡು ಬಿಡಿಸಿ ಹೇಳಿದರು. ಕ್ಯಾನ್ಸರ್ ಜೀವಕೋಶದಲ್ಲಿ ಕೆಲವು ಗುರುತುಗಳಿರುತ್ತವಂತೆ. ಯಾವ ಔಷಧಿ ಹಿಡಿಯುತ್ತದೆ, ರೋಗ ಎಷ್ಟು ಬೇಗ ಹರಡಬಹುದು ಎಂಬುದನ್ನು ಅವುಗಳಿಂದ ಅಂದಾಜು ಮಾಡುತ್ತಾರಂತೆ. ಔಷಧಿಗೆ ದಾರಿ ತೋರುವ ಮೂರು ಗುರುತುಗಳೂ ನನ್ನದರಲ್ಲಿ ಇರಲಿಲ್ಲ. ಬೇಗ ಬೆಳೆಯುತ್ತದೆ ಎನ್ನುವ ಗುರುತು ಮಾತ್ರ ಜೋರಾಗಿತ್ತು.

ಅತ್ತೆ ಕೇಳಿದರು: "ಮೈಗೆಲ್ಲ ಹಬ್ಬೈತಾ ತಾಯಿ?"

"ಕಂಕುಳಿಗೆ ಹೋಗಿದೆ ಅಮ್ಮ. ಸ್ಕ್ಯಾನ್‌ನಲ್ಲಿ ಶ್ವಾಸಕೋಶ, ಲಿವರ್ ಚೆನ್ನಾಗಿವೆ. ಇದು ಒರಟು ಜಾತಿ, ಕಾಯೋ ಹಾಗಿಲ್ಲ. ಆದ್ರೆ ಇಂಥದ್ದಕ್ಕೆ ಕೀಮೋ ಚೆನ್ನಾಗಿ ಹಿಡಿಯೋದೂ ಉಂಟು. ಮೊದಲು ಅದನ್ನ ಕೊಟ್ಟು ಆಮೇಲೆ ಆಪರೇಷನ್ ಮಾಡೋಣ."

ಎರಡನೇ ಕೀಮೋ ಆಗುವಷ್ಟರಲ್ಲಿ ತಲೆಗೂದಲು ಉದುರಿ, ಬಾಯೆಲ್ಲ ಹುಣ್ಣಾಗಿ, ಗಂಜಿಯೂ ಇಳಿಯದಾಯಿತು. ವಾಂತಿಯಾದೀತೆಂದು ಬಸ್ಸಿನಲ್ಲಿ ಅತ್ತೆ ಮಡಿಲಲ್ಲಿ ಕವರ್ ಹಿಡಿದೇ ಕೂರುತ್ತಿದ್ದರು. ಒಂದು ಶನಿವಾರ ಕೆಂಗಲ್ ಆಂಜನೇಯಸ್ವಾಮಿಯ ಮುಂದೆ ನಾನು ಕುಸಿದು ಕೂತೆ. "ಅತ್ತೆ, ಆಸ್ಪತ್ರೆ ಸಾಕು. ಬದುಕೋದಾದ್ರೆ ಸ್ವಾಮಿನೇ ಬದುಕಿಸ್ಲಿ, ಇಲ್ಲೇ ಸೇವೆ ಮಾಡ್ಕಂಡಿರ್ತೀನಿ" ಎಂದೆ.

ಅತ್ತೆ ನನ್ನ ತಲೆಯ ಮೇಲಿನ ಸೆರಗು ಸರಿಮಾಡಿದರು. "ನೋಡವ್ವ, ಈ ಸ್ವಾಮಿನೇ ಔಸ್ದಿ ತರಕ್ಕೆ ಅಂತ ಬೆಟ್ಟನೇ ಹೊತ್ಕಂಡು ಬಂದೋನು. ಔಸ್ದಿ ಬ್ಯಾಡ ಅಂದ್ರೆ ಅವ್ನು ಮೆಚ್ತಾನಾ?" ಆಮೇಲೆ ಕಣ್ಮುಚ್ಚಿ ಕೈಮುಗಿದು, "ನಮ್ಮ ಹುಡ್ಗಿಗೆ ತಡ್ಕಳ ಶಕ್ತಿ ಕೊಡಪ್ಪ, ಮಿಕ್ಕಿದ್ದು ನಿಂಗೆ ಬುಟ್ಟಿದ್ದು" ಎಂದರು.

ಅಲ್ಲಿಯವರೆಗೆ ನಾನು ಗಂಟು ತೆಗೆದುಬಿಡು ಎಂದೇ ಬೇಡುತ್ತಿದ್ದೆ. ಅಂದು ನಾನೂ ಶಕ್ತಿ ಬೇಡಿದೆ. ಮುಂದಿನ ಕೀಮೋಗೆ ತಪ್ಪದೆ ಹೋದೆ. ಹುಣ್ಣು, ಸಂಕಟ ಕಡಿಮೆಯಾಗಲಿಲ್ಲ, ಆದರೆ ಬಿಟ್ಟುಬಿಡಬೇಕೆನ್ನುವ ಯೋಚನೆ ಮತ್ತೆ ಬರಲಿಲ್ಲ. ಕಡೆಯ ಕೀಮೋ ಹೊತ್ತಿಗೆ ಕಂಕುಳಿನ ಗಂಟು ಕೈಗೇ ಸಿಗದಾಯಿತು.

ಆಪರೇಷನ್ ಆದ ಮೇಲೆ ತೆಗೆದದ್ದನ್ನೆಲ್ಲ ಪರೀಕ್ಷೆ ಮಾಡಿದರು. ಡಾಕ್ಟರಮ್ಮ ವರದಿಯನ್ನು ಮತ್ತೆ ತಿರುವಿ ಓದಿ ತಲೆ ಎತ್ತಿದರು. "ಜೀವ ಇರೋ ಕ್ಯಾನ್ಸರ್ ಕೋಶ ಎಲ್ಲೂ ಸಿಕ್ಕಿಲ್ಲ. ಎದೆಯಲ್ಲೂ ಇಲ್ಲ, ಕಂಕುಳಲ್ಲೂ ಇಲ್ಲ. ನಾನೂ ಇಷ್ಟು ನಿರೀಕ್ಷೆ ಮಾಡಿರ್ಲಿಲ್ಲ."

"ಒಸಿ ಇನ್ನೊಂದ್ ಸಲ ಹೇಳು ತಾಯಿ" ಎಂದರು ಅತ್ತೆ. ಅವರು ಮತ್ತೆ ಹೇಳಿದರು. ಅತ್ತೆ ಆ ತಾಯಿಯ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡರು.

ವರ್ಷಗಳು ಕಳೆದಿವೆ. ತಪಾಸಣೆಯನ್ನು ನಾನು ತಪ್ಪಿಸಿಲ್ಲ, ರೋಗ ಮರಳಿಲ್ಲ. ಭಕ್ತ ಸೋದರಿಯರೇ, ಗಂಟು ಕಂಡರೆ ನಾಚಿಕೊಂಡು ಕೂರಬೇಡಿ. ಸ್ವಾಮಿ ನನಗೆ ಡಾಕ್ಟರ ರೂಪದಲ್ಲೂ ಬಂದ, ಅತ್ತೆಯ ರೂಪದಲ್ಲೂ ಬಂದ. ಇದು ನನ್ನ ಗಟ್ಟಿ ನಂಬಿಕೆ.

ಕಳೆದ ಶನಿವಾರವೂ ಕೆಂಗಲ್‌ಗೆ ಹೋಗಿದ್ದೆವು. ಏನು ಬೇಡಿಕೊಂಡಿರಿ ಎಂದು ಅತ್ತೆಯನ್ನು ಕೇಳಿದೆ.

"ಬೇಡ್ಕಳದೇನವ್ವ ಇನ್ನು. ಸೊಸೆನೂ ಬಂದವ್ಳೆ ನೋಡಪ್ಪ ಅಂತ ಹೇಳ್ಬುಟ್ಟು ಬಂದೆ" ಎಂದರು.